ಕಾಣೆಯಾದವನ ಹೆಚ್ಚುವರಿ ತೆರಿಗೆ

“ರಸೀದಿ ಗಿಸೀದಿ ಏನೂ ಇಲ್ಲರೀ ಮೇಡಮ್ಮಾರ. ಕೈಯಿಂದ ಕೈಗೆ. ತಿಂಗಳಾ ಐದನೇ ತಾರೀಖಿಗೆ ಸಾಹುಕಾರ್ರು ತಾವ ಬರ್ತಿದ್ರು. ಇಪ್ಪತ್ತೆರಡು ಸಾವಿರ ಬಾಡಿಗಿ ಎಣಿಸಿ ಕೊಡ್ತಿದ್ದೆ. ಒಂದು ಕಪ್ ಚಾ ಕುಡದು ಹೋಗ್ತಿದ್ರು.”

ಕಾಸಿಮಸಾಬ ಲೇತ್ ಮಷಿನ್ನು ನಿಲ್ಲಿಸಿ, ಎಣ್ಣೆಗೈಯನ್ನು ಬಟ್ಟೆಯ ಚಿಂದಿಗೆ ಒರೆಸಿಕೊಳ್ಳುತ್ತ ಹೇಳಿದ. ತಾರಿಹಾಳದ ಆ ತಗಡಿನ ಶೆಡ್ಡು ಮೇ ತಿಂಗಳ ಬಿಸಿಲಿಗೆ ಕಾದು ಹೆಂಚಾಗಿತ್ತು. ಸಾವಕ್ಕ ಬೆನ್ನಿಗೆ ಅಂಟಿದ ಕುಪ್ಪಸವನ್ನು ಬಿಡಿಸಿಕೊಂಡು, ನೋಯುವ ಎಡ ಮೊಣಕಾಲನ್ನು ಮುಂದೆ ಚಾಚಿ, ಕೇಳಿದಳು.

“ಮನ್ಯಾಗ ಯಾರಿಗೂ ಗೊತ್ತಿರಲಿಲ್ಲಾ?”

“ಇಲ್ಲರೀ. ‘ಕಾಸೀಮ, ಈ ಶೆಡ್ಡಿನ ಮಾತು ಅಮರಗೋಳ ಮುಟ್ಟಬಾರದು’ ಅಂತಿದ್ರು. ನಂಗ್ಯಾಕ ಬೇಕ್ರಿ ದೊಡ್ಡವ್ರ ಮನಿ ಸುದ್ದಿ? ಸುಮ್ಮನಿದ್ದೆ.”

ಸಾವಕ್ಕ ಚೀಲದಿಂದ ಮಡಿಸಿದ ಹಾಳೆ ತೆಗೆದಳು. ಎರಡು ವಾರದಿಂದ ಇದೇ ಒಂದು ಹಾಳೆಯನ್ನು ಅವಳು ತೆರೆಯುತ್ತಿದ್ದಳು, ಮಡಿಸುತ್ತಿದ್ದಳು.

ಅಮರಗೋಳದ ಹತ್ತಿ ವ್ಯಾಪಾರಿ ನೀಲಕಂಠಪ್ಪ ಹೋದ ವರ್ಷ ಜನವರಿಯಲ್ಲಿ ಉಣಕಲ್ ಕೆರೆಯ ದಂಡೆಯ ಮೇಲೆ ಸ್ಕೂಟರು ಬಿಟ್ಟು ಕಾಣೆಯಾಗಿದ್ದ. ಹೆಣ ಸಿಕ್ಕಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ, ಈ ಮಾರ್ಚ್ ಇಪ್ಪತ್ತೆಂಟರಂದು, ಅವನ ಹೆಸರಿನಲ್ಲಿ ಆದಾಯ ತೆರಿಗೆಯ ಅಪ್‌ಡೇಟೆಡ್ ರಿಟರ್ನ್ ಸಲ್ಲಿಕೆಯಾಗಿತ್ತು. ಹಳೆಯ ವರ್ಷವೊಂದರಲ್ಲಿ ಹೇಳದೆ ಬಿಟ್ಟ ಆದಾಯವನ್ನು ತಾನಾಗಿಯೇ ಒಪ್ಪಿಕೊಂಡು, ತೆರಿಗೆ, ಬಡ್ಡಿ, ಅದರ ಮೇಲೆ ಶೇಕಡ ಇಪ್ಪತ್ತೈದರಷ್ಟು ಹೆಚ್ಚುವರಿ ತೆರಿಗೆ ಕಟ್ಟಿದ ಕಾಗದ. ಒಪ್ಪಿಕೊಂಡ ಆದಾಯ ಈ ಶೆಡ್ಡಿನ ಬಾಡಿಗೆ.

ಮೂವತ್ತನಾಲ್ಕು ವರ್ಷ ಆದಾಯ ತೆರಿಗೆ ಕಚೇರಿಯಲ್ಲಿ ದುಡಿದು, ಇನ್‌ಸ್ಪೆಕ್ಟರಾಗಿ ನಿವೃತ್ತಳಾಗಿದ್ದ ಸಾವಕ್ಕ ತೆರಿಗೆ ತಪ್ಪಿಸಲು ಜನ ಆಡುವ ಆಟಗಳನ್ನೆಲ್ಲ ಕಂಡಿದ್ದಳು. ಯಾರೂ ಕೇಳದ ತೆರಿಗೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಕದ್ದು ಕಟ್ಟುವವರನ್ನು ಮಾತ್ರ ಕಂಡಿರಲಿಲ್ಲ.

“ಸಾಹುಕಾರ್ರು ಹೋದ ಮ್ಯಾಲೆ ಬಾಡಿಗಿ ಯಾರಿಗೆ ಕೊಟ್ಟ್ರಿ?”

“ಯಾರಿಗೂ ಇಲ್ಲ. ತಿಂಗಳಾ ಬ್ಯಾಂಕಿನ್ಯಾಗ ಬ್ಯಾರೆ ಇಟ್ಟೇನ್ರಿ. ಹಕ್ಕಿನವ್ರು ಬಂದ್ರ ಕೊಡಬೇಕಲ್ಲ.”

“ಬಂದಿದ್ರೇನು ಯಾರರೆ?”

ಕಾಸಿಮಸಾಬ ಚಿಂದಿಯನ್ನು ಮಷಿನ್ನಿನ ಮೇಲಿಟ್ಟ.

“ಒಬ್ಬ ಹೆಣ್ಮಗಳು ಬಂದಿದ್ರು. ಮಾರ್ಚ್ ಕಡೀ ವಾರ. ಹೆಸರು ಹೇಳಲಿಲ್ಲ. ಕೈಯಾಗ ಶೆಡ್ಡಿನ ಕರಾರು ಪತ್ರ ಹಿಡಕೊಂಡಿದ್ರು. ಬಾಡಿಗಿ ಎಷ್ಟು, ಯಾವ ತಿಂಗಳಿಂದ, ಎಲ್ಲಾ ಕೇಳಿ ಬರಕೊಂಡ್ರು.”

“ಮತ್ತೇನು ಕೇಳಿದ್ರು?”

“ಅದ ನಂಗ ವಿಚಿತ್ರ ಅನಿಸ್ತರೀ. ‘ಇಲ್ಲಿ ಬಂದಾಗ ಅವ್ರು ಎಲ್ಲಿ ಕೂಡ್ತಿದ್ರು?’ ಅಂದ್ರು. ಈಗ ನೀವು ಕುಂತೀರಲ್ಲ, ಈ ಸ್ಟೂಲು ತೋರಿಸಿದೆ. ತಾವೂ ಒಂದಿಷ್ಟೊತ್ತು ಅದರ ಮ್ಯಾಲ ಕುಂತ್ರು. ಮಾತಿಲ್ಲ ಕಥಿಯಿಲ್ಲ. ನಾ ಜಮಾ ಇಟ್ಟ ರೊಕ್ಕ ಕೊಡತೇನಂದೆ, ಒಲ್ಲೆ ಅಂದ್ರು. ‘ಅವ್ರು ಬಂದ ಮ್ಯಾಲೆ ಅವ್ರ ಕೈಯಾಗ ಕೊಡ್ರಿ’ ಅಂದು ಎದ್ದು ಹೋದ್ರು.”

ಸಾವಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ಕೈತುಂಬ ಬಳಿ ಇದ್ವೇನ್ರಿ ಅವರಿಗೆ?”

“ಇದ್ದೂ ರೀ. ಹಸರ ಬಳಿ.”

ಅಷ್ಟು ಸಾಕಾಗಿತ್ತು. ಹದಿನೈದು ತಿಂಗಳಿಂದ ಊರೆಲ್ಲ ‘ಸತ್ತ’ ಎನ್ನುತ್ತಿದ್ದವನನ್ನು ‘ಬಂದ ಮೇಲೆ’ ಎನ್ನುವವಳು ಒಬ್ಬಳೇ ಒಬ್ಬಳಿದ್ದಳು. ಈ ಹಾಳೆಯನ್ನು ಸಾವಕ್ಕನ ಕೈಗೆ ಕೊಟ್ಟು, ‘ಇದನ್ನ ಯಾರು ಮಾಡ್ಯಾರಂತ ಹುಡುಕಿ ಕೊಡ್ರಿ’ ಎಂದು ಕಣ್ಣೀರು ಹಾಕಿದ್ದವಳೂ ಅವಳೇ. ನೀಲಕಂಠಪ್ಪನ ಹೆಂಡತಿ ಚನ್ನಬಸವ್ವ.

ಹಳೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸಾವಕ್ಕ ಅಮರಗೋಳದ ಕಡೆಯ ‘ಚಿಗರಿ’ ಸಿಟಿ ಬಸ್ಸು ಹತ್ತಿದಳು. ಒಳಗೆ ಎ.ಸಿ. ತಣ್ಣಗೆ ಬೀಸುತ್ತಿತ್ತು. ಕಿಟಕಿಗೆ ತಲೆಯಾನಿಸಿದವಳಿಗೆ ಹಾಗೇ ಬೈರಿದೇವರಕೊಪ್ಪದಲ್ಲಿ ಇಳಿದು, ಮನೆಗೆ ಹೋಗಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿಬಿಡಬೇಕೆನಿಸಿತು. ಯಾಕೆ ಬೇಕಾಗಿತ್ತು ಇದು? ಪೆನ್ಶನ್ ಬರುತ್ತಿತ್ತು. ಓಣಿಯ ಮಾಸ್ತರರು, ನರ್ಸುಗಳು ಜುಲೈಯಲ್ಲಿ ರಿಟರ್ನ್ ತುಂಬಿಸಲು ಬರುತ್ತಿದ್ದರು. ಅಷ್ಟರಲ್ಲಿ ಹೊತ್ತು ಹೋಗುತ್ತಿತ್ತು.

ಹೊಸೂರು ದಾಟುವಾಗ ಫೋನು ಬಂತು. ನೀಲಕಂಠಪ್ಪನ ತಮ್ಮ ಬಸವಕಿರಣ. ಅಣ್ಣ ಹೋದಾಗಿನಿಂದ ಅಂಗಡಿಯ ಗಲ್ಲಾದ ಮೇಲೆ ಅವನೇ ಕೂಡುತ್ತಿದ್ದ.

“ಸಾವಕ್ಕಾರ, ಇನ್ನೂ ಎಷ್ಟು ದಿನ ತಿರಗ್ತೀರಿ? ಯಾರೋ ಕಿಡಿಗೇಡಿಗೊಳು ಮಾಡಿದ ಕೆಲಸ ಅದು. ಬಿಟ್ಟುಬಿಡ್ರಿ.”

“ಕಿಡಿಗೇಡಿಗೊಳು ಅರವತ್ತೊಂಬತ್ತು ಸಾವಿರ ಸರಕಾರಕ್ಕ ಕಟ್ಟತಾರೇನ್ರಿ?”

ಬಸವಕಿರಣ ಮಾತು ತಿರುಗಿಸಿದ.

“ನೋಡ್ರಿ, ರವಿವಾರ ಹಿರ್ಯಾರು ಕೂಡ್ತಾರ. ಅಣ್ಣಂದು ಕ್ರಿಯಾಕರ್ಮ ಮಾಡಿ ಮುಗಿಸೂನು ಅಂತ ಠರಾವ್ ಆಗೇತಿ. ಚನ್ನಬಸವ್ವ ವೈನಿ ಕೈಯಾಗಿನ ಬಳಿ, ಕೊರಳಾಗಿನ ತಾಳಿ... ಎಷ್ಟು ದಿನಾಂತ ಅದನ್ನ ಎಳೀತಾರ? ಅಂಗಡಿ ಕಾಗದಾನೂ ಹಂಗ ನಿಂತಾವ. ನೀವು ನಡುವ ಬಂದು ಅವ್ರ ತಲಿಯಾಗ ಹುಳಾ ಬಿಡಬ್ಯಾಡ್ರಿ.”

“ನಾ ಬಿಟ್ಟಿಲ್ಲರೀ,” ಎಂದಳು ಸಾವಕ್ಕ. “ಮೊದಲ ಇತ್ತು.”

ಬೈರಿದೇವರಕೊಪ್ಪ ಬಂತು, ಹೋಯಿತು. ಅವಳು ಇಳಿಯಲಿಲ್ಲ.

ಅಮರಗೋಳದ ಮನೆಯ ಪಡಸಾಲೆಯಲ್ಲಿ ಚನ್ನಬಸವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಮುಂದೆ ಹಳೆಯ ಸೀರೆ ಹಾಸಿ, ಒಂದು ಕಡೆ ಹಣ್ಣು, ಒಂದು ಕಡೆ ಬೀಜ, ಒಂದು ಕಡೆ ನಾರು. ಐವತ್ತೈದರ ಹೆಂಗಸು. ಬಾಗಿಲಲ್ಲಿ ಸಾವಕ್ಕನನ್ನು ಕಂಡು ಮುಖ ಅರಳಿಸಿ ಏಳಹೋದಳು.

“ಬರ್ರಿ ಅಕ್ಕಾರ. ಬಿಸಲಾಗ ಬಂದೀರಿ. ಮಜ್ಜಗಿ ತರತೇನಿ.”

“ಮಜ್ಜಗಿ ಆಮ್ಯಾಲೆ. ಕುಂದರ್ರಿ.”

ದನಿಯಲ್ಲಿ ಏನೋ ಇತ್ತು. ಚನ್ನಬಸವ್ವ ಮತ್ತೆ ಕೂತಳು. ಸಾವಕ್ಕ ಗೋಡೆ ಹಿಡಿದು ಮೆಲ್ಲಗೆ ಅವಳೆದುರು ಕುರ್ಚಿಯಲ್ಲಿ ಕುಳಿತಳು.

“ತಾರಿಹಾಳಕ್ಕ ಹೋಗಿದ್ದೆ. ಕಾಸಿಮಸಾಬರ ಕಡೆ. ಅಲ್ಲಿ ಒಂದು ಸ್ಟೂಲ್ ಐತಿ. ನೀವೂ ಅದರ ಮ್ಯಾಲ ಕುಂತು ಬಂದೀರಂತ.”

ಚನ್ನಬಸವ್ವನ ಬೆರಳು ಹಣ್ಣಿನಲ್ಲೇ ನಿಂತಿತು.

“ರಿಟರ್ನ್ ತುಂಬಿದವ್ರು ನೀವು.”

ಚನ್ನಬಸವ್ವ ಬೆರಳಿಗಂಟಿದ ನಾರನ್ನು ಕಿತ್ತು ಬದಿಗಿಟ್ಟಳು.

“ಎರಡು ವಾರ ನನ್ನ ತಿರಗಿಸಿದ್ರಿ. ಕೆರಿ ದಂಡಿ ಅಂತ, ಪೊಲೀಸ್ ಸ್ಟೇಶನ್ ಅಂತ, ನಿಮ್ಮ ಮೈದುನರ ಹಿಂದ ಅಂತ. ನನ್ನ ಮೊಣಕಾಲು ನೋಡ್ರಿ, ಹೆಂಗ ಬಾತೇತಿ. ಮಾಡಿದವ್ರು ನೀವ ಇದ್ದಾಗ, ಹುಡುಕು ಅಂತ ನನಗ್ಯಾಕ ಹೇಳಿದ್ರಿ?”

ಸಿಟ್ಟಿನಿಂದಲೇ ಹೇಳಬೇಕೆಂದಿದ್ದಳು. ಆದರೆ ಅಷ್ಟು ಶಕ್ತಿ ಉಳಿದಿರಲಿಲ್ಲ. ಮಾತು ಬರೀ ದಣಿವಿನಂತೆ ಹೊರಬಂತು.

ಚನ್ನಬಸವ್ವ ಕೈ ಝಾಡಿಸಿಕೊಂಡಳು.

“ತುಂಬಿದವಾಕಿ ನಾನ ಖರೇ,” ಎಂದಳು. “ನಾ ಬಿ.ಕಾಂ. ಎರಡನೇ ವರ್ಷದ ತನಕ ಓದೇನ್ರಿ ಅಕ್ಕಾರ. ಈ ಮನ್ಯಾಗ ಯಾರಿಗೂ ಅದು ನೆನಪಿಲ್ಲ. ಅವ್ರಿಗೆ ಕಣ್ಣು ಮಂದ. ಪ್ರತಿ ವರ್ಷ ಅವ್ರ ರಿಟರ್ನ್ ನಾನ ಬಾಜೂಕ ಕುಂತು ತುಂಬತಿದ್ದೆ. ಪಾಸ್‌ವರ್ಡ್ ನನ್ನ ಅಕ್ಷರದಾಗ ಐತಿ. ಫೋನ್ ಸ್ಕೂಟರಿನ ಡಿಕ್ಕಿಯಾಗ ಸಿಕ್ಕಿತ್ತಲ್ಲ, ಪೊಲೀಸರು ಫೆಬ್ರವರಿಯಾಗ ವಾಪಸ್ ಕೊಟ್ರು. ಓಟಿಪಿ ಅದಕ್ಕ ಬರತೈತಿ.”

“ಮತ್ತ ಈ ಹೆಚ್ಚುವರಿ ತೆರಿಗಿ ಲೆಕ್ಕ?”

“ನೀವ ಹೇಳಿಕೊಟ್ಟಿದ್ದು.”

ಸಾವಕ್ಕ ತಲೆಯೆತ್ತಿದಳು.

“ಮಹಿಳಾ ಮಂಡಳದಾಗ ಭಾಷಣ ಮಾಡಿದ್ರಲ್ಲ. ‘ಮರತ ಆದಾಯ ಇದ್ರ ತಾವಾಗೇ ಹೇಳಿಬಿಡ್ರಿ. ಮಾರ್ಚ್ ಮುಗಿಯೂದ್ರಾಗ ಹೇಳಿದ್ರ ಇಪ್ಪತ್ತೈದು ಟಕ್ಕೆ, ದಾಟಿದ್ರ ಐವತ್ತು’ ಅಂತ. ಮುಂದಿನ ಸಾಲಿನ್ಯಾಗ ಕುಂತು ಬರಕೊಂಡೆ.”

“ನೀವು ಮಾಡಿದ್ದು ಗುನ್ಹೆ ಆಗತೈತಿ, ಚನ್ನಬಸವ್ವಾರ. ಇನ್ನೊಬ್ಬರ ಹೆಸರಿಲೆ ಖಾತ್ರಿ ಕೊಟ್ಟು ರಿಟರ್ನ್ ಹಾಕೂದು. ನಾಳೆ ಕಿರಣಾರ ಕಂಪ್ಲೇಂಟ್ ಕೊಟ್ರ?”

“ಕೊಡ್ಲಿ.” ಚನ್ನಬಸವ್ವನ ದನಿ ಮೊದಲ ಸಲ ಏರಿತು. “ರವಿವಾರ ನಾಕು ಮಂದಿ ಬಂದು ನನ್ನ ಬಳಿ ಒಡಿತಾರ. ಸತ್ತಾನ ಅಂತ ಯಾರು ನೋಡ್ಯಾರ? ಅದಕ್ಕ ಒಂದರೆ ಕಾಗದ ಬೇಕಾಗಿತ್ತು ನನಗ. ಸರಕಾರದ ಕಾಗದ. ಸತ್ತಾಂವ ಟ್ಯಾಕ್ಸ್ ಕಟ್ಟತಾನೇನ್ರೀ ಅಂತ ಅವ್ರನ್ನ ಕೇಳಾಕ.”

ಹೊರಗೆ ಲಾರಿಯೊಂದು ಮಾರ್ಕೆಟ್ ಯಾರ್ಡಿನ ಕಡೆ ತಿರುಗಿ, ಮನೆಯ ಕಿಟಕಿಗಳು ಅದುರಿದವು. ಮೂವತ್ತನಾಲ್ಕು ವರ್ಷದಲ್ಲಿ ಸಾವಿರಾರು ರಿಟರ್ನು ಸಾವಕ್ಕನ ಮೇಜಿನ ಮೇಲೆ ಹಾದುಹೋಗಿದ್ದವು. ತಾಳಿ ಉಳಿಸಿಕೊಳ್ಳಲು ತುಂಬಿದ ರಿಟರ್ನು ಇದೊಂದೇ.

ಇಲ್ಲಿಗೆ ಮುಗಿಯಿತು ಅಂದುಕೊಂಡಳು. ಒಬ್ಬ ಹೆಂಡತಿಯ ಹಟ. ನೀಲಕಂಠಪ್ಪ ಕೆರೆಯಲ್ಲೇ ಇದ್ದಾನೆ. ಇನ್ನು ಮನೆಗೆ ಹೋಗಬಹುದು.

“ಆತು,” ಎಂದಳು ಏಳುತ್ತ. “ರೊಕ್ಕ ಎಲ್ಲಿಂದ ತಂದ್ರಿ? ಬಂಗಾರ ಒತ್ತಿ ಇಟ್ಟ್ರಿ?”

ಚನ್ನಬಸವ್ವ ಅವಳನ್ನೇ ನೋಡಿದಳು.

“ರೊಕ್ಕ ನಾ ಕಟ್ಟಿಲ್ಲರೀ.”

“ಅಂದ್ರ?”

“ಅದನ್ನ ಹುಡುಕ್ರಿ ಅಂತ ನಿಮ್ಮ ಕಡೆ ಬಂದಿದ್ದು. ಬಾಯಿಬಿಟ್ಟು ಹೇಳಿದ್ರ ರಿಟರ್ನ್ ತುಂಬಿದ್ದು ನಾನಂತ ಗೊತ್ತಾಗಿಬಿಡತಿತ್ತು. ಅದಕ್ಕ ಅರ್ಧಾ ಹೇಳಿ ಅರ್ಧಾ ನುಂಗಿದೆ. ತಪ್ಪಾತು ಅಕ್ಕಾರ.”

ಅವಳು ಒಳಗೆ ಹೋಗಿ, ಕಪಾಟಿನಿಂದ ನೀಲಕಂಠಪ್ಪನ ಹಳೆಯ ಫೋನು ತಂದಳು. ಗಾಜಿನ ಒಂದು ಮೂಲೆ ಒಡೆದಿತ್ತು.

“ಮಾರ್ಚ್ ಇಪ್ಪತ್ತನಾಕಕ್ಕ ಇದಕ್ಕ ಮೆಸೇಜ್ ಬರಾಕತ್ತೂ. ಏಳು ಮೆಸೇಜು, ಒಂದರ ಹಿಂದ ಒಂದು. ಅವ್ರ ಪ್ಯಾನ್ ನಂಬರಿಗೆ ತೆರಿಗಿ ಜಮಾ ಆತು ಅಂತ. ಕಿರಣಗ ತೋರಿಸಿದೆ. ‘ಅವೆಲ್ಲ ಮೋಸದ ಮೆಸೇಜು ವೈನಿ, ಅಳಿಸಿಬಿಡ್ರಿ’ ಅಂದ. ನಾ ಅಳಿಸಲಿಲ್ಲ. ಯಾವುದರ ತೆರಿಗಿ ಇದು ಅಂತ ಇದ್ದಬಿದ್ದ ಕಾಗದಾ ಎಲ್ಲಾ ತಗದೆ. ಆವಾಗ ಶೆಡ್ಡಿನ ಕರಾರು ಸಿಕ್ತು. ಅಲ್ಲೀತನಕ ನನಗೂ ಆ ಶೆಡ್ಡಿನ ಗಂಧ ಗಾಳಿ ಇರಲಿಲ್ಲ. ಬಾಡಿಗಿ ಕೇಳಕೊಂಡು ಬಂದು ಲೆಕ್ಕಾ ಹಾಕಿದೆ. ತೆರಿಗಿ, ಬಡ್ಡಿ, ಇಪ್ಪತ್ತೈದು ಟಕ್ಕೆ. ಯಾರೋ ಕಟ್ಟಿದ್ದಕ್ಕ ಪೈಸಾಕ್ಕ ಪೈಸಾ ಸರಿ ಬಂತು.”

ಸಾವಕ್ಕ ಮತ್ತೆ ಕುಳಿತಳು. ಈ ಸಲ ಮೊಣಕಾಲು ನೋಯುತ್ತಿರುವುದು ಅವಳಿಗೆ ತಿಳಿಯಲೇ ಇಲ್ಲ.

ಅಪ್‌ಡೇಟೆಡ್ ರಿಟರ್ನ್ ಹಾಕಬೇಕಾದರೆ ಮೊದಲು ಹಣ ಕಟ್ಟಬೇಕು. ಹಣ ಕಟ್ಟುವುದು ಸುಲಭ. ಪ್ಯಾನ್ ನಂಬರ್ ಗೊತ್ತಿದ್ದವರು ಯಾರಾದರೂ ಕಟ್ಟಬಹುದು. ಆದರೆ ರಿಟರ್ನ್ ಸಲ್ಲಿಸಲು ಓಟಿಪಿ ಬೇಕು, ಓಟಿಪಿ ಬರುವ ಫೋನು ಈ ಮನೆಯ ಕಪಾಟಿನಲ್ಲಿತ್ತು. ಹಣ ಕಟ್ಟಿದವರು ಅಲ್ಲಿಗೆ ನಿಂತಿದ್ದರು. ಮುಂದಿನದನ್ನು ಈ ಹೆಂಗಸು, ಅವರು ಯಾರೆಂದು ತಿಳಿಯದೆ, ಪೂರ್ತಿ ಮಾಡಿದ್ದಳು.

ಆ ಬಾಡಿಗೆಯ ಲೆಕ್ಕ ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರು. ಒಬ್ಬ ತಾರಿಹಾಳದಲ್ಲಿ ಲೇತ್ ಮಷಿನ್ನಿನ ಮುಂದೆ ನಿಂತಿದ್ದ.

“ಚಲನ್ ತಗೀರಿ,” ಎಂದಳು. “ನೀವು ನನಗ ಕೊಟ್ಟಿದ್ದು ಒಂದ ಹಾಳಿ. ಪೂರ್ತಿ ರಿಟರ್ನ್ ತೋರಿಸ್ರಿ.”

ಚನ್ನಬಸವ್ವ ಫೋನಿನಲ್ಲೇ ಪೋರ್ಟಲ್ ತೆರೆದು ಕೊಟ್ಟಳು. ಏಳು ಚಲನುಗಳು. ಒಂದೊಂದೂ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಬ್ಯಾಂಕಿನ ಕೌಂಟರಿನಲ್ಲಿ ತೆರಿಗೆಯನ್ನು ನಗದಾಗಿ ಕಟ್ಟುವುದಿದ್ದರೆ ಒಂದು ಚಲನಿಗೆ ಹತ್ತು ಸಾವಿರ ಮೀರುವಂತಿಲ್ಲ. ಖಾತೆಯ ಗುರುತು ಸಿಗಬಾರದೆಂದು ಯಾರೋ ನೋಟು ಹಿಡಿದು ಸಾಲಿನಲ್ಲಿ ನಿಂತಿದ್ದರು.

ಏಳರಲ್ಲೂ ಒಂದೇ ಶಾಖೆಯ ಸಂಖ್ಯೆ. ಏಳಂಕಿ. ಕಚೇರಿಯಲ್ಲಿದ್ದಾಗ ಸಾವಕ್ಕ ಈ ಸಂಖ್ಯೆಯನ್ನು ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ.

“ಧಾರವಾಡ,” ಎಂದಳು. “ಸಪ್ತಾಪುರದ ಶಾಖೆ.”

“ಧಾರವಾಡದಾಗ ನಮ್ಮವ್ರು ಯಾರೂ ಇಲ್ಲಲ್ರೀ.”

ಆಗ ಫೋನು ಸದ್ದು ಮಾಡಿತು.

ಇಬ್ಬರೂ ಬೆಚ್ಚಿ ಪರದೆ ನೋಡಿದರು. ನೀಲಕಂಠಪ್ಪನ ಪ್ಯಾನ್ ನಂಬರಿನ ಕೊನೆಯ ಅಂಕಿಗಳು. ತೆರಿಗೆ ಪಾವತಿ ಸ್ವೀಕರಿಸಲಾಗಿದೆ. ಒಂಬತ್ತು ಸಾವಿರದ ಒಂಬೈನೂರು. ಆದರೆ ವರ್ಷ ಅದಲ್ಲ, ಅದರ ಮುಂದಿನದು. ಅವನು ಕಾಣೆಯಾದ ವರ್ಷ.

ಇನ್ನೊಂದು ಸದ್ದು. ಇನ್ನೊಂದು ಒಂಬತ್ತು ಸಾವಿರದ ಒಂಬೈನೂರು.

ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಸಾವಕ್ಕ ತನ್ನ ಫೋನಿನಲ್ಲಿ ಹೆಸರೊಂದನ್ನು ಹುಡುಕಿದಳು. ಶಾಜಿಯಾ. ಆ ಶಾಖೆಯ ಕ್ಯಾಶಿಯರ್. ಮೂರು ವರ್ಷದಿಂದ ಅವಳ ರಿಟರ್ನ್ ತುಂಬಿಕೊಡುತ್ತಿದ್ದವಳು ಸಾವಕ್ಕನೇ. ಐದನೇ ರಿಂಗಿಗೆ ಎತ್ತಿದಳು.

“ಆಂಟಿ, ಕೌಂಟರಿನ್ಯಾಗ ಅದೇನ್ರಿ. ಆಮ್ಯಾಲೆ ಮಾಡ್ಲಿ?”

“ಇಡಬ್ಯಾಡವ್ವಾ. ಹೂಂ, ಇಲ್ಲ ಅಂದ್ರ ಸಾಕು. ನಿನ್ನ ಮುಂದ ಯಾರೋ ಇನ್‌ಕಮ್ ಟ್ಯಾಕ್ಸ್ ಚಲನ್ ಕಟ್ಟಾಕತ್ತಾರ?”

“...ಹೂಂ.”

“ಎರಡು ಕಟ್ಟ್ಯಾರ. ಇನ್ನೂ ಅದಾವ?”

“ಮೂರು ಅದಾವ್ರಿ.”

“ಪ್ಯಾನ್ ನೀಲಕಂಠಪ್ಪ ಅನ್ನೂ ಹೆಸರಿಂದು?”

“ಹೌದು. ಆಂಟಿ, ಇದನ್ನೆಲ್ಲ ನಾ ಹೇಳಬಾರದು...”

“ಗೊತ್ತೈತವ್ವಾ. ಒಬ್ಬರ ಜೀವದ ಮಾತು ಐತಿ, ಅದಕ್ಕ ಕೇಳಾಕತ್ತೇನಿ. ಅವನೇ ಬಂದಾನೇನು?”

“ಇಲ್ಲರೀ.” ಶಾಜಿಯಾಳ ದನಿ ಪಿಸುಮಾತಾಯಿತು. ಕೌಂಟರಿನಿಂದ ಮುಖ ತಿರುಗಿಸಿ ಮಾತಾಡುತ್ತಿದ್ದಳು. “ಹೆಣ್ಮಗಳು. ಬಾಜೂಕ ಏಳೆಂಟು ವರ್ಷದ್ದೊಂದು ಹುಡುಗಿ ಐತಿ. ಮಾರ್ಚಿನ್ಯಾಗೂ ಇವರ ಬಂದಿದ್ರು. ಪ್ಯಾನ್ ಯಾರದ್ರಿ ಅಂತ ಕೇಳಿದೆ. ‘ನಮ್ಮ ಮನಿಯವ್ರದು. ಅವ್ರಿಗೆ ಎದ್ದು ಓಡಾಡಾಕ ಬರಂಗಿಲ್ಲ, ಅದಕ್ಕ ನನ್ನ ಕಳಿಸ್ಯಾರ’ ಅಂದ್ರು.”

ಸಾವಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಒಂದು ಪದವೂ ಹೊರಗೆ ಸೋರಬಾರದೆಂಬಂತೆ.

“ಶಾಜಿಯಾ, ಆ ಮೂರು ಚಲನ್ ಎಷ್ಟು ಸಾವಕಾಶ ಆಗತೈತೋ ಅಷ್ಟು ಸಾವಕಾಶ ಮಾಡವ್ವಾ. ಪ್ರಿಂಟರ್ ಕೆಟ್ಟೈತಿ ಅನ್ನು. ನಾ ಬರಾಕತ್ತೇನಿ.”

ಫೋನು ಇಟ್ಟಳು. ಹುಣಸೆಯ ಬೀಜಗಳ ನಡುವೆ ಚನ್ನಬಸವ್ವ ಎದ್ದು ನಿಂತಿದ್ದಳು. ಒಂದು ಕೈ ಕೊರಳ ತಾಳಿಯ ಮೇಲಿತ್ತು.

“ಅದಾರೇನ್ರಿ?” ಎಂದಳು. “ಅಕ್ಕಾರ, ನನ್ನ ಕಡೆ ನೋಡಿ ಹೇಳ್ರಿ. ಜೀವಂತ ಅದಾರ?”

ಹದಿನೈದು ತಿಂಗಳಿಂದ ಆ ಹೆಂಗಸು ಕಾಯುತ್ತಿದ್ದ ಉತ್ತರ ಈಗ ಸಾವಕ್ಕನ ಬಾಯಲ್ಲಿತ್ತು. ಅದರ ಉಳಿದರ್ಧವೂ ಇತ್ತು.

“ಅದಾರ,” ಎಂದಳು ಸಾವಕ್ಕ. ಗೋಡೆ ಹಿಡಿದು ಎದ್ದು, ಬಾಗಿಲ ಕಡೆ ನಡೆದಳು. “ಚಪ್ಪಲ್ ಮೆಟ್ಟಕೊಳ್ರಿ. ಉಳಿದದ್ದು ಆಟೋದಾಗ ಹೇಳ್ತೇನಿ.”